ಚಾಂಡ್ಲರ್‌ಗೆ ಬರ್ತಿದ್ದೀರಾ? ಶಾಲೆಗಿಂತ ಮೊದಲು ಮನೆ ನೋಡಿ

ನಮಸ್ಕಾರ. ಜೂನ್‌ನಲ್ಲಿ ಬೆಂಗಳೂರಿಂದ ಅಮೆರಿಕದ ಅರಿಜೋನಾದಲ್ಲಿರೋ ಚಾಂಡ್ಲರ್‌ಗೆ ಬರ್ತಿದ್ದೀವಿ, ಮಗ ಐದನೇ ಕ್ಲಾಸು, ಎಲ್ಲರೂ ಬೇಸಿಸ್ ಬೇಸಿಸ್ ಅಂತಾರೆ, ಡೊನೇಷನ್ ಎಷ್ಟು, ಎಂಟ್ರೆನ್ಸ್ ಇದೆಯಾ ಅಂತ ಕೇಳಿದ್ದೀರಿ. ನಾನು ಬಂದು ಹದಿನಾಲ್ಕು ವರ್ಷ ಆಯ್ತು, ಇದೇ ಗಾಬರಿ ನನಗೂ ಇತ್ತು.

ಡೊನೇಷನ್ನೂ ಇಲ್ಲ, ಎಂಟ್ರೆನ್ಸೂ ಇಲ್ಲ. ಬೇಸಿಸ್ ಒಂದು ಚಾರ್ಟರ್ ಶಾಲೆ. ಚಾರ್ಟರ್ ಅಂದ್ರೆ ಸರ್ಕಾರದ ದುಡ್ಡಲ್ಲೇ ನಡೆಯೋ, ಆದ್ರೆ ಊರಿನ ಸ್ಕೂಲ್ ಡಿಸ್ಟ್ರಿಕ್ಟ್ (ಊರಿನ ಸರ್ಕಾರಿ ಶಾಲೆಗಳನ್ನ ನಡೆಸೋ ಸಂಸ್ಥೆ) ಕೈಕೆಳಗಿಲ್ಲದ ಶಾಲೆ. ಅರಿಜೋನಾದಲ್ಲಿ 1994ರಲ್ಲೇ ಕಾನೂನು ಬಂತು. ಈಗ ಇಲ್ಲಿನ ಪಬ್ಲಿಕ್, ಅಂದ್ರೆ ಸರ್ಕಾರಿ ದುಡ್ಡಿನ ಶಾಲೆಯ ಮಕ್ಕಳಲ್ಲಿ ಹೆಚ್ಚುಕಡಿಮೆ ಐದರಲ್ಲೊಬ್ಬರು ಚಾರ್ಟರ್‌ನಲ್ಲಿದ್ದಾರೆ. ಸೀಟಿಗಿಂತ ಅರ್ಜಿ ಜಾಸ್ತಿಯಾದ್ರೆ ಲಾಟರಿ. ದೇಣಿಗೆ ಕೇಳ್ತಾರೆ, ಕೊಡಲೇಬೇಕು ಅಂತಿಲ್ಲ.

ಬೇಸಿಸ್ ಅಂದ್ರೆ ಗಣಿತ, ವಿಜ್ಞಾನ, ಮೇಲಿಂದ ಮೇಲೆ ಪರೀಕ್ಷೆ; ಹೈಸ್ಕೂಲಲ್ಲಿ ಎಪಿ ಅನ್ನೋ ಕಾಲೇಜು ಮಟ್ಟದ ಪರೀಕ್ಷೆ ಬರೆಯಲೇಬೇಕು. ಗ್ರೇಟ್ ಹಾರ್ಟ್ಸ್ ಅನ್ನೋ ಇನ್ನೊಂದು ಚಾರ್ಟರ್ ಸಂಸ್ಥೆಯವರ ಚಾಂಡ್ಲರ್ ಪ್ರೆಪ್ ಶಾಲೆಯ ದಾರಿಯೇ ಬೇರೆ: ಲ್ಯಾಟಿನ್, ಹಳೇ ಮಹಾಗ್ರಂಥಗಳು, ಕೂತು ಚರ್ಚೆ ಮಾಡೋದು, ಯೂನಿಫಾರ್ಮ್. ನಮ್ಮವರು ಅದನ್ನ ನೋಡೋಕೂ ಹೋಗಲ್ಲ, ಅದು ತಪ್ಪು. ಓದೋ ಹುಚ್ಚಿರೋ ಮಗುವಿಗೆ ಅದು ಹಬ್ಬ.

ನನ್ನ ಅನುಭವ ಹೇಳ್ತೀನಿ, ಶಾಲೆಯ ಹೆಸರು ಬೇಡ. ಮಗಳು ಒಂದು ಚಾರ್ಟರ್‌ನಲ್ಲಿ ಆರನೇ ಕ್ಲಾಸಲ್ಲಿದ್ದಾಗ ರಾತ್ರಿ ಹತ್ತೂವರೆವರೆಗೂ ಹೋಮ್‌ವರ್ಕ್. ವೀಣೆ ಮೂಲೆ ಸೇರಿತು, ಮಾತೇ ಕಮ್ಮಿಯಾಯ್ತು. ನಾನು ರ‍್ಯಾಂಕ್ ನೋಡ್ತಾ ಇದ್ದೆ, ಮಗು ಮುಖ ನೋಡಲಿಲ್ಲ. ಒಂದು ವರ್ಷ ತಡವಾಗಿ ಡಿಸ್ಟ್ರಿಕ್ಟ್ ಶಾಲೆಗೆ ಹಾಕಿದ್ವಿ, ಮೂರೇ ತಿಂಗಳಲ್ಲಿ ಮತ್ತೆ ವೀಣೆ ಕೇಳಿಸ್ತು. ಅದೇ ಚಾರ್ಟರ್‌ಗೆ ಮಗ ಈಗಲೂ ಕುಣ್ಕೊಂಡು ಹೋಗ್ತಾನೆ.

ಅದಕ್ಕೇ ಮೊದಲು ಚಾಂಡ್ಲರ್ ಯೂನಿಫೈಡ್ ಅನ್ನೋ ಸ್ಕೂಲ್ ಡಿಸ್ಟ್ರಿಕ್ಟಿನ ವ್ಯಾಪ್ತಿಯಲ್ಲಿ, ಹತ್ತಿರದ ಡಿಸ್ಟ್ರಿಕ್ಟ್ ಶಾಲೆ ನಿಮಗೆ ಒಪ್ಪಿಗೆಯಾಗೋ ಕಡೆ ಮನೆ ಬಾಡಿಗೆಗೆ ಹಿಡೀರಿ. ಚಾರ್ಟರ್ ಲಾಟರಿಯಲ್ಲಿ ಬರದಿದ್ರೂ ಚಿಂತೆಯಿಲ್ಲ, ಮನೆ ಹತ್ತಿರದ ಶಾಲೆ ಇದ್ದೇ ಇರುತ್ತೆ. ಹ್ಯಾಮಿಲ್ಟನ್ ಹೈ, ಅರಿಜೋನಾ ಕಾಲೇಜ್ ಪ್ರೆಪ್ ಎರಡೂ ಡಿಸ್ಟ್ರಿಕ್ಟ್‌ನವೇ, ಓದಲ್ಲಿ ಯಾವ ಚಾರ್ಟರ್‌ಗೂ ಹೆದರಬೇಕಿಲ್ಲ. ಇನ್ನೊಂದು, ಚಾರ್ಟರ್‌ಗಳಲ್ಲಿ ಸಾಮಾನ್ಯವಾಗಿ ಬಸ್ಸಿಲ್ಲ. ನಿಮಗಿನ್ನೂ ಲೈಸೆನ್ಸ್ ಆಗಿರಲ್ಲ, ಯಜಮಾನರು ಬೆಳಿಗ್ಗೆಯೇ ಆಫೀಸಿಗೆ ಹೊರಡ್ತಾರೆ. ಆಗಸ್ಟ್ ಬಿಸಿಲಲ್ಲಿ ಮಗುವನ್ನ ಕರ್ಕೊಂಡು ಬರೋರು ಯಾರು? ಇದನ್ನ ಈಗಲೇ ಯೋಚಿಸಿ.

ಸೇರಿಸುವಾಗ ಮನೆಭಾಷೆ ಯಾವುದು ಅಂತ ಒಂದು ಫಾರ್ಮ್ ಕೊಡ್ತಾರೆ. ಕನ್ನಡ ಅಂತ ಬರೆದ್ರೆ ಅಜೆಲ್ಲಾ ಅನ್ನೋ ಇಂಗ್ಲಿಷ್ ಪರೀಕ್ಷೆ ಮಾಡ್ತಾರೆ. ಅದಕ್ಕೆ ಹೆದರಿ ಎಷ್ಟೋ ಜನ ಇಂಗ್ಲಿಷ್ ಅಂತ ಬರೀತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಬೆಂಗಳೂರಲ್ಲಿ ಇಂಗ್ಲಿಷ್ ಮೀಡಿಯಂ ಓದಿದ ಹುಡುಗ ಸಲೀಸಾಗಿ ಪಾಸಾಗ್ತಾನೆ. ಕನ್ನಡ ಅಂತಲೇ ಬರೀರಿ.

ಡಿಸ್ಟ್ರಿಕ್ಟ್ ಶಾಲೆಗಳು ಜುಲೈ ಕೊನೆಯ ಹೊತ್ತಿಗೇ ಶುರು. ಲಸಿಕೆ ಕಾರ್ಡು, ಜನನ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡು ಸೂಟ್‌ಕೇಸಿಗೆ ಹಾಕಬೇಡಿ, ಕೈಚೀಲದಲ್ಲೇ ಇಟ್ಕೊಳ್ಳಿ.