ಲೇಖಕರ ಬದುಕು ಗೊತ್ತಿಲ್ಲದೆ ಅಮೆರಿಕದ ಹಳೆಯ ಕಾದಂಬರಿ ಓದಿದರೆ ನಷ್ಟವೇ?

ನೀವು ಕೇಳಿರುವುದು ಇದು: ಅಮೆರಿಕದ ಹಳೆಯ ಕಾದಂಬರಿಗಳನ್ನು ಓದಬೇಕು ಅಂತಿದ್ದೀರಿ, ಆದರೆ ಬರೆದವರ ಜೀವನ, ಆ ಕಾಲದ ಇತಿಹಾಸ ಏನೂ ಗೊತ್ತಿಲ್ಲ. ಹಾಗೇ ಓದಿದರೆ ಏನಾದರೂ ತಪ್ಪಿಹೋಗುತ್ತದಾ? ಯಾವುದರಿಂದ ಶುರು ಮಾಡಬೇಕು?

ಕತೆ ಅರ್ಥವಾಗುವುದಕ್ಕೆ ಏನೂ ಗೊತ್ತಿರಬೇಕಿಲ್ಲ. ಆದರೆ ಬರೆದವನಿಗೆ ಇಷ್ಟೊಂದು ಸಿಟ್ಟು ಯಾಕೆ, ಇಲ್ಲಿ ಯಾಕೆ ಹೀಗೆ ಕುಹಕದಿಂದ ನಗುತ್ತಾನೆ ಅನ್ನುವುದು ಕೆಲವು ಕಡೆ ಹೊಳೆಯುವುದಿಲ್ಲ. ಅದಕ್ಕಾಗಿ ದಪ್ಪ ದಪ್ಪ ಜೀವನಚರಿತ್ರೆ ಓದುವ ಅಗತ್ಯವೂ ಇಲ್ಲ. ನಾನು ಎರಡು ಇಸವಿ ನೋಡಿಕೊಳ್ಳುತ್ತೇನೆ, ಅಷ್ಟೇ. ಕತೆ ನಡೆಯುವುದು ಯಾವಾಗ, ಅದನ್ನು ಬರೆದದ್ದು ಯಾವಾಗ. ನಡುವಿನ ವರ್ಷಗಳಲ್ಲಿ ದೇಶದಲ್ಲಿ ಏನಾಯಿತು, ಬರೆದವನ ಮನೆಯಲ್ಲಿ ಏನಾಯಿತು ಅಂತ ಕೇಳಿಕೊಂಡರೆ ಬಹಳಷ್ಟು ಸಿಗುತ್ತದೆ. 'ಈ ಪಾತ್ರ ನಿಜವಾಗಿ ಯಾರು' ಅಂತ ಪತ್ತೇದಾರಿ ಮಾಡುವ ಚಟ ತುಂಬಾ ಜನರಿಗಿದೆ. ಮಜಾ ಇರುತ್ತದೆ, ಉಪಯೋಗ ಕಡಿಮೆ.

ಮಾರ್ಕ್ ಟ್ವೇನ್ ಬರೆದ 'ಹಕಲ್‌ಬೆರಿ ಫಿನ್' ತಗೊಳ್ಳಿ. ಕುಡುಕ ಅಪ್ಪನಿಂದ ಓಡಿಹೋದ ಹುಡುಗ ಹಕ್, ಒಡತಿಯಿಂದ ತಪ್ಪಿಸಿಕೊಂಡ ಗುಲಾಮ ಜಿಮ್, ಇಬ್ಬರೂ ಒಂದು ತೆಪ್ಪ ಹತ್ತಿ ಮಿಸಿಸಿಪ್ಪಿ ನದಿಯಲ್ಲಿ ಸಾಗುತ್ತಾರೆ. ಕತೆ ನಡೆಯುವುದು ನಲವತ್ತು ಐವತ್ತು ವರ್ಷಗಳ ಹಿಂದೆ ಅಂತ ಶೀರ್ಷಿಕೆಯ ಪುಟದಲ್ಲೇ ಹೇಳಿಬಿಟ್ಟಿದ್ದಾನೆ ಟ್ವೇನ್. ಪುಸ್ತಕ ಬಂದದ್ದು 1884ರ ಕೊನೆಗೆ ಇಂಗ್ಲೆಂಡಿನಲ್ಲಿ, 1885ರಲ್ಲಿ ಅಮೆರಿಕದಲ್ಲಿ. ಅಂದರೆ ಕತೆ 1830–40ರ ದಶಕದ್ದು. ಅಷ್ಟರಲ್ಲಿ ಉತ್ತರದ ರಾಜ್ಯಗಳಿಗೂ ಗುಲಾಮಗಿರಿ ಬಿಡದ ದಕ್ಷಿಣದ ರಾಜ್ಯಗಳಿಗೂ ಅಂತರ್ಯುದ್ಧ ನಡೆದು, 1865ರಲ್ಲಿ ಗುಲಾಮಗಿರಿ ರದ್ದಾಗಿ ಇಪ್ಪತ್ತು ವರ್ಷ ಆಗಿತ್ತು. ಸತ್ತ ಹಾವನ್ನು ಮತ್ತೆ ಯಾಕೆ ಹೊಡೆದ?

ಹಾವು ಸತ್ತಿರಲಿಲ್ಲ. ಟ್ವೇನ್ ಇದನ್ನು ಬರೆಯಲು ಕೂತದ್ದು 1876ರಲ್ಲಿ. ಅರ್ಧಕ್ಕೆ ನಿಂತುಹೋಯಿತು. 1877ರಲ್ಲಿ ಕೇಂದ್ರ ಸರ್ಕಾರ ದಕ್ಷಿಣದ ರಾಜ್ಯಗಳಲ್ಲಿ ಕಾವಲಿಗಿದ್ದ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡಿತು. ಬಿಡುಗಡೆಯಾದ ಕಪ್ಪು ಜನರನ್ನು ಅವರ ಹಳೆಯ ಯಜಮಾನರ ಕೈಗೇ ಒಪ್ಪಿಸಿದ ಹಾಗಾಯಿತು. ಟ್ವೇನ್ 1882ರಲ್ಲಿ ಮತ್ತೆ ಮಿಸಿಸಿಪ್ಪಿಯುದ್ದಕ್ಕೂ ಪ್ರಯಾಣ ಮಾಡಿ, ತಾನು ಬೆಳೆದ ಹ್ಯಾನಿಬಲ್ ಊರನ್ನೂ ನೋಡಿ ಬಂದ. ಮುಂದಿನ ವರ್ಷ ಕಾದಂಬರಿ ಮುಗಿಸಿದ. ಅದೇ 1883ರಲ್ಲಿ ಸುಪ್ರೀಂ ಕೋರ್ಟು, ಹೋಟೆಲು ರೈಲುಗಳಲ್ಲಿ ಭೇದ ಮಾಡಬಾರದು ಅಂತಿದ್ದ 1875ರ ಕಾನೂನನ್ನು ತಳ್ಳಿಹಾಕಿತು.

ಈಗ ಕಾದಂಬರಿಯ ಕೊನೆಯ ಭಾಗ ನೋಡಿ. ಜಿಮ್‌ನನ್ನು ಒಂದು ಗುಡಿಸಲಲ್ಲಿ ಕೂಡಿಹಾಕಿದ್ದಾರೆ. ಹಕ್‌ನ ಗೆಳೆಯ ಟಾಮ್ ಸಾಯರ್ ಬರುತ್ತಾನೆ. ಸುಮ್ನೆ ಬಾಗಿಲು ತೆಗೆದು ಬಿಡಿಸಬಹುದು, ಆದರೆ ಅವನು ಓದಿದ ಕತೆಗಳಲ್ಲಿ ಕೈದಿಗಳು ಹಾಗೆ ತಪ್ಪಿಸಿಕೊಳ್ಳುವುದಿಲ್ಲವಲ್ಲ! ಅದಕ್ಕೆ ಗುಡಿಸಲೊಳಗೆ ಹಾವು, ಜೇಡ, ಇಲಿ ಬಿಡುತ್ತಾನೆ. ಪುಟಗಟ್ಟಲೆ ಈ ಆಟ. ಕೊನೆಗೆ ತಿಳಿಯುವುದೇನೆಂದರೆ ಒಡತಿ ಎರಡು ತಿಂಗಳ ಹಿಂದೆಯೇ ಸತ್ತು, ಉಯಿಲಿನಲ್ಲಿ ಜಿಮ್‌ಗೆ ಬಿಡುಗಡೆ ಬರೆದಿದ್ದಳು. ಟಾಮ್‌ಗೆ ಅದು ಮೊದಲೇ ಗೊತ್ತಿತ್ತು. ಈ ಭಾಗ ಬಹಳ ಓದುಗರಿಗೆ ಹಿಡಿಸುವುದಿಲ್ಲ. ಕಾದಂಬರಿಕಾರ ಹೆಮಿಂಗ್ವೇ ಕೂಡ, ಜಿಮ್ ಸಿಕ್ಕಿಬೀಳುವಲ್ಲಿಗೇ ನಿಲ್ಲಿಸಿ, ಮುಂದಿನದು ಮೋಸ ಅಂದಿದ್ದ. ಆದರೆ 1883 ಅನ್ನುವ ಇಸವಿಯನ್ನು ಪಕ್ಕದಲ್ಲಿಟ್ಟು ಓದಿ. ಕಾನೂನಿನ ಪ್ರಕಾರ ಸ್ವತಂತ್ರನಾದ ಮನುಷ್ಯ, ಇನ್ಯಾರದೋ ಹುಡುಗಾಟಕ್ಕೆ ಸಂಕೋಲೆಯಲ್ಲೇ ಇದ್ದಾನೆ. ಟ್ವೇನ್ ಹೀಗೇ ಅಂದುಕೊಂಡು ಬರೆದ ಅಂತ ಆಣೆ ಮಾಡಿ ಹೇಳಲಾರೆ. ನನಗಂತೂ ಆ ಅಧ್ಯಾಯಗಳು ಬರೀ ತಮಾಷೆಯಾಗಿ ಕಾಣುವುದಿಲ್ಲ.

ಇನ್ನು ಮನೆಯ ಕಡೆ. ಟ್ವೇನ್ ಹುಟ್ಟಿದ್ದು 1835ರಲ್ಲಿ, ಗುಲಾಮರನ್ನಿಟ್ಟುಕೊಂಡ ಮನೆಯಲ್ಲಿ. ಚಿಕ್ಕಂದಿನಲ್ಲಿ ಅದು ತಪ್ಪು ಅಂತಲೇ ತನಗೆ ಅನ್ನಿಸಿರಲಿಲ್ಲ, ಚರ್ಚಿನಲ್ಲೂ ಅದು ದೇವರಿಗೆ ಒಪ್ಪಿಗೆ ಅಂತಲೇ ಹೇಳುತ್ತಿದ್ದರು ಅಂತ ಆತ್ಮಕತೆಯಲ್ಲಿ ಬರೆದಿದ್ದಾನೆ. ಅದರಲ್ಲೇ ಸ್ಯಾಂಡಿ ಅನ್ನುವ ಪುಟ್ಟ ಗುಲಾಮ ಹುಡುಗನ ಮಾತು ಬರುತ್ತದೆ. ದೂರದ ಮೇರಿಲ್ಯಾಂಡಿನಿಂದ, ಮನೆಯವರಿಂದ ಕಿತ್ತು ತಂದ ಹುಡುಗ. ದಿನವಿಡೀ ಹಾಡುವುದು, ಸಿಳ್ಳೆ ಹೊಡೆಯುವುದು, ಕಿರುಚುವುದು. ತಲೆ ಕೆಟ್ಟು ಟ್ವೇನ್ ಒಂದು ದಿನ ಅಮ್ಮನ ಹತ್ತಿರ ದೂರು ಹೇಳಿದ. ಅಮ್ಮನ ಕಣ್ಣಲ್ಲಿ ನೀರು ಬಂತು. ಪಾಪ, ಅವನು ಹಾಡುತ್ತಿದ್ದರೆ ಅವನಿಗೆ ನೆನಪಾಗುತ್ತಿಲ್ಲ ಅಂತ ನನಗೆ ಸಮಾಧಾನ, ಸುಮ್ಮನೆ ಕೂತರೆ ಭಯವಾಗುತ್ತದೆ, ಅವನು ಇನ್ನೆಂದೂ ಅವನ ತಾಯಿಯನ್ನು ನೋಡುವುದಿಲ್ಲ ಅಂದಳು. ಕಾದಂಬರಿಯಲ್ಲಿ ಜಿಮ್ ಬೆಳಗಿನ ಜಾವ ತಲೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡು ಹೆಂಡತಿ ಮಕ್ಕಳನ್ನು ನೆನೆದು ನರಳುವುದಿದೆ. ಹಕ್ ಅದನ್ನು ಕೇಳಿಸಿಕೊಂಡು, ಇವನಿಗೂ ಬಿಳಿಯರಷ್ಟೇ ತನ್ನವರ ಮೇಲೆ ಅಕ್ಕರೆ ಇದ್ದ ಹಾಗಿದೆಯಲ್ಲ ಅಂತ ಆಶ್ಚರ್ಯಪಡುತ್ತಾನೆ. ಆ ಆಶ್ಚರ್ಯವೇ ಸ್ಯಾಂಡಿಯ ಕಡೆಯಿಂದ ಬಂದದ್ದು ಅನ್ನಿಸುತ್ತದೆ ನನಗೆ. ಕಾದಂಬರಿಯಲ್ಲಿ ಆ ಘಟನೆ ಬಂದಿಲ್ಲ, ಹುಡುಗನ ಹೆಸರೂ ಬಂದಿಲ್ಲ.

ಇದರಲ್ಲಿ ನಮ್ಮ ದೇಶದ ಒಂದು ಎಳೆಯೂ ಇದೆ. ಟ್ವೇನ್ 1894ರಲ್ಲಿ ದಿವಾಳಿ ಎದ್ದ. ಅಚ್ಚಿನ ಮೊಳೆ ಜೋಡಿಸುವ ಒಂದು ಯಂತ್ರಕ್ಕೆ ದುಡ್ಡು ಸುರಿದದ್ದು ಅದಕ್ಕೆ ದೊಡ್ಡ ಕಾರಣ. ಸಾಲ ತೀರಿಸಲು ಜಗತ್ತು ಸುತ್ತಿ ಭಾಷಣ ಮಾಡಲು ಹೊರಟವನು 1896ರ ಜನವರಿಯಲ್ಲಿ ಬಾಂಬೆಗೆ ಬಂದ. ಹೋಟೆಲಿನಲ್ಲಿ ಒಬ್ಬ ಆಳು ಮೊಣಕಾಲೂರಿ ಬಾಲ್ಕನಿಯ ಬಾಗಿಲು ಸರಿಮಾಡುತ್ತಿದ್ದಾನೆ. ಜೊತೆಗಿದ್ದ ದಢೂತಿ ಜರ್ಮನ್, ಏನು ತಪ್ಪು ಅಂತ ಹೇಳುವ ಮೊದಲೇ ಅವನ ದವಡೆಗೆ ಒಂದು ಬಿಟ್ಟ. ಆಳು ತುಟಿ ಪಿಟಕ್ ಅನ್ನಲಿಲ್ಲ. ಐವತ್ತು ವರ್ಷದಿಂದ ಇಂಥದ್ದು ನೋಡಿರಲಿಲ್ಲ ಅನ್ನುತ್ತಾ ಟ್ವೇನ್ ಅಲ್ಲಿಂದ ಸೀದಾ ಬಾಲ್ಯಕ್ಕೆ ಹೋಗುತ್ತಾನೆ. ಹತ್ತು ವರ್ಷದವನಿದ್ದಾಗ ಒಬ್ಬ ಬಿಳಿಯ, ಕೆಲಸವನ್ನು ಅಡ್ಡಾದಿಡ್ಡಿ ಮಾಡಿದ ಅಂತ ಗುಲಾಮನೊಬ್ಬನ ತಲೆಗೆ ಕಬ್ಬಿಣದ ಅದಿರಿನ ಉಂಡೆ ಎಸೆದ. ಒಂದು ತಾಸಿನಲ್ಲಿ ಅವನ ಪ್ರಾಣ ಹೋಯಿತು. ಊರಲ್ಲಿ ಯಾರೂ ಅದನ್ನು ಒಪ್ಪಲಿಲ್ಲ, ಯಾರೂ ಹೆಚ್ಚು ಮಾತಾಡಲೂ ಇಲ್ಲ. ಇದನ್ನೆಲ್ಲ 1897ರ ಪ್ರವಾಸದ ಪುಸ್ತಕದಲ್ಲಿ ಬರೆದಿದ್ದಾನೆ. 'ಹಕ್' ಬಂದು ಹನ್ನೆರಡು ವರ್ಷವಾದರೂ ಹ್ಯಾನಿಬಲ್ ಅವನ ಬೆನ್ನು ಬಿಟ್ಟಿರಲಿಲ್ಲ.

ಹಾಥಾರ್ನ್ ವಿಷಯದಲ್ಲಿ ಎರಡು ಇಸವಿಗಳ ನಡುವೆ ಇನ್ನೂರು ವರ್ಷ. ಅವನ 'ಸ್ಕಾರ್ಲೆಟ್ ಲೆಟರ್' ನಡೆಯುವುದು 1640ರ ದಶಕದ ಬಾಸ್ಟನ್ನಿನಲ್ಲಿ. ಮದುವೆಯಾಚೆ ಮಗು ಹೆತ್ತ ಹೆಸ್ಟರ್‌ಳನ್ನು ಊರ ನಡುವಿನ ಕಟ್ಟೆಯ ಮೇಲೆ, ಮಗು ಎತ್ತಿಕೊಂಡಂತೆಯೇ, ಎಲ್ಲರೂ ನೋಡಲಿ ಅಂತ ನಿಲ್ಲಿಸುತ್ತಾರೆ. ಎದೆಯ ಮೇಲೆ ಕೆಂಪು ಬಟ್ಟೆಯ 'A' ಅಕ್ಷರ, ಹಾದರಕ್ಕೆ ಇಂಗ್ಲಿಷಿನಲ್ಲಿರುವ ಪದದ ಮೊದಲ ಅಕ್ಷರ. ಹಾಥಾರ್ನ್‌ನ ಪೂರ್ವಜ ಜಾನ್ ಹಾಥಾರ್ನ್, 1692ರಲ್ಲಿ ಸೇಲಂ ಊರಿನಲ್ಲಿ ಮಾಟಗಾತಿಯರು ಅಂತ 19 ಜನರನ್ನು ನೇಣಿಗೆ ಹಾಕಿದ ಪ್ರಕರಣದ ನ್ಯಾಯಾಧೀಶರಲ್ಲಿ ಒಬ್ಬ. ಆ ಜಾನ್‌ನ ಅಪ್ಪ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರನ್ನು ಹಿಂಸಿಸಿದವನು. ಈ ವಂಶದ ಕತೆ ಎಲ್ಲ ಪಠ್ಯಪುಸ್ತಕದಲ್ಲೂ ಇರುತ್ತದೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು 1849.

ಆ ಹೊತ್ತಿಗೆ ಹಾಥಾರ್ನ್ ಸೇಲಂ ಬಂದರಿನ ಕಸ್ಟಮ್ಸ್ ಕಚೇರಿಯಲ್ಲಿ ಅಧಿಕಾರಿ. ಪಕ್ಷದ ವಶೀಲಿಯಿಂದ ಸಿಕ್ಕ ಕೆಲಸ. ಹಡಗುಗಳೇ ಕಡಿಮೆಯಾದ ಬಂದರು, ಕುರ್ಚಿಯನ್ನು ಗೋಡೆಗೆ ಒರಗಿಸಿ ತೂಕಡಿಸುವ ಮುದುಕ ನೌಕರರು. ಎದುರು ಪಕ್ಷ ಅಧಿಕಾರಕ್ಕೆ ಬಂತು, 1849ರ ಜೂನ್‌ನಲ್ಲಿ ಇವನನ್ನು ತೆಗೆದುಹಾಕಿದರು. ವಿಷಯ ಪತ್ರಿಕೆಗಳಲ್ಲೆಲ್ಲ ರಂಪ ಆಯಿತು. ಜುಲೈ ಕೊನೆಗೆ ತಾಯಿ ತೀರಿಕೊಂಡಳು. ಆಮೇಲೆ ಕೂತು ಬರೆದ ಪುಸ್ತಕ ಇದು, 1850ರ ಮಾರ್ಚ್‌ನಲ್ಲಿ ಬಂತು. ಮುನ್ನುಡಿಯಲ್ಲಿ ತನ್ನನ್ನು ತಲೆ ಕಡಿಸಿಕೊಂಡ ಅಧಿಕಾರಿ ಅಂತ ಕರೆದುಕೊಂಡು, ಹಳೆಯ ಸಹೋದ್ಯೋಗಿಗಳನ್ನು ಚೆನ್ನಾಗಿ ಝಾಡಿಸಿದ್ದಾನೆ. ಅದರಲ್ಲೇ ಪೂರ್ವಜರ ಮಾತೂ ಬರುತ್ತದೆ: ನಮ್ಮ ವಂಶದವನು ಕತೆ ಬರೆಯುತ್ತಾನಂತೆ, ಪಿಟೀಲು ಬಾರಿಸಿಕೊಂಡಿದ್ದರೂ ಆಗುತ್ತಿತ್ತು ಅಂತ ಅವರು ಮೂಗು ಮುರಿಯುತ್ತಾರೆ. ಸೇಲಂ ಜನ ಕೆಂಡವಾದರು. ಎರಡನೇ ಮುದ್ರಣದಲ್ಲಿ ಒಂದು ಅಕ್ಷರವನ್ನೂ ಬದಲಿಸುವುದಿಲ್ಲ ಅಂತ ಬರೆದು ಹಾಗೇ ಅಚ್ಚು ಹಾಕಿಸಿದ. ಊರೆಲ್ಲ ಸೇರಿ ಒಬ್ಬರನ್ನು ನಡುಬೀದಿಯಲ್ಲಿ ನಿಲ್ಲಿಸುವುದು ಅಂದರೇನು ಅಂತ ಅವನಿಗೆ ಆ ಬೇಸಿಗೆಯಲ್ಲಿ ತಿಳಿದಿತ್ತು. ಹೆಸ್ಟರ್‌ಳ ಸೆಟೆದ ಕತ್ತು ಹಳೆಯ ದಾಖಲೆಗಳಿಂದ ಬಂದದ್ದಲ್ಲ.

ಮೆಲ್ವಿಲ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾಕೆಂದರೆ 'ಮೊಬಿ ಡಿಕ್'ನಿಂದ ಶುರು ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. 1841ರ ಜನವರಿಯಲ್ಲಿ ತಿಮಿಂಗಿಲ ಬೇಟೆಯ ಹಡಗು ಹತ್ತಿದ, ಒಂದೂವರೆ ವರ್ಷಕ್ಕೇ ಒಂದು ದ್ವೀಪದಲ್ಲಿ ಇಳಿದು ಪರಾರಿಯಾದ. ಆ ಹಡಗುಗಳಲ್ಲಿ ಸಂಬಳ ಇರಲಿಲ್ಲ, ಲಾಭದಲ್ಲಿ ಪಾಲು. ಕಾದಂಬರಿಯಲ್ಲಿ ಕತೆ ಹೇಳುವ ಇಷ್ಮೇಲ್‌ಗೆ ಮುನ್ನೂರರಲ್ಲಿ ಒಂದು ಪಾಲು ಕೊಡುತ್ತಾರೆ. ಅದಕ್ಕೂ ಮೊದಲು ಮಾಲೀಕನೊಬ್ಬ ಬೈಬಲ್ ಓದುತ್ತಲೇ 777ರಲ್ಲಿ ಒಂದು ಸಾಕು ಅಂತ ಚೌಕಾಸಿ ಮಾಡುತ್ತಾನೆ. ಆ ಪುಟ ಓದಿದರೆ ಗೊತ್ತಾಗುತ್ತದೆ, ಇದು ಹೊಟ್ಟೆಪಾಡಿಗೆ ಹಡಗು ಹತ್ತಿದವನು ಬರೆದದ್ದು ಅಂತ.

ಕೆಲವು ಸಲ ಎರಡು ಇಸವಿಯೂ ಒಂದೇ ಆಗಿರುತ್ತವೆ. ಸ್ಟೈನ್‌ಬೆಕ್‌ನ 'ಗ್ರೇಪ್ಸ್ ಆಫ್ ರಾತ್' ಹಾಗೆ. 1936ರಲ್ಲಿ ಒಂದು ಪತ್ರಿಕೆಗಾಗಿ ಕ್ಯಾಲಿಫೋರ್ನಿಯಾದ ವಲಸೆ ಕೂಲಿಗಳ ಶಿಬಿರಗಳನ್ನು ಸುತ್ತಿ ಲೇಖನ ಬರೆದ. 1938ರ ಫೆಬ್ರುವರಿಯಲ್ಲಿ ನೆರೆ ಬಂದು ಜನ ಹಸಿವಿನಿಂದ ಸಾಯುತ್ತಿದ್ದಾಗ ಅಲ್ಲೇ ಇದ್ದ. ಅದೇ ವರ್ಷ ಬೇಸಿಗೆಯಿಂದ ಅಕ್ಟೋಬರ್ ಒಳಗೆ ಇಡೀ ಕಾದಂಬರಿ ಬರೆದು ಮುಗಿಸಿದ. ಕಾದಂಬರಿ ಮುಗಿಯುವುದೂ ನೆರೆಯಲ್ಲೇ. ಕೆಲಸ ಇದೆ ಅಂತ ಹಂಚುವ ಚೀಟಿಯ ಲೆಕ್ಕವನ್ನು ಅದರಲ್ಲೊಬ್ಬ ವಿವರಿಸುತ್ತಾನೆ: ತೋಟದವನಿಗೆ ಬೇಕಾದದ್ದು ಎಂಟುನೂರು ಆಳು, ಐದು ಸಾವಿರ ಚೀಟಿ ಹಂಚಿಸುತ್ತಾನೆ, ಇಪ್ಪತ್ತು ಸಾವಿರ ಜನ ನೋಡುತ್ತಾರೆ. ಹಸಿದವರು ಜಾಸ್ತಿ ಬಂದಷ್ಟೂ ಕೂಲಿ ಇಳಿಯುತ್ತದೆ. ಇಷ್ಟು ಬಿಸಿಬಿಸಿಯಾಗಿ ಬರೆದ ಪುಸ್ತಕದಲ್ಲಿ ಅಲ್ಲಲ್ಲಿ ಭಾಷಣ ಕೇಳಿಸುತ್ತದೆ, ನಿಜ. ಆದರೆ 1939ರಲ್ಲಿ ಅದು ಬಂದಾಗ, ಕತೆ ನಡೆಯುವ ಕ್ಯಾಲಿಫೋರ್ನಿಯಾದ ಕರ್ನ್ ಜಿಲ್ಲೆಯವರೇ ಅದನ್ನು ತಮ್ಮ ಗ್ರಂಥಾಲಯ, ಶಾಲೆಗಳಿಂದ ಹೊರಗಿಟ್ಟರು. ಯಾರಿಗೆ ಚುಚ್ಚಬೇಕಿತ್ತೋ ಅವರಿಗೆ ಚುಚ್ಚಿತ್ತು ಅಂತಾಯಿತು.

ನಾನು ಇಷ್ಟು ಹೇಳಿದ ಮೇಲೆ ಯಾರಾದರೂ ಸ್ಟೀಫನ್ ಕ್ರೇನ್ ಹೆಸರು ತೆಗೆಯುತ್ತಾರೆ, ತೆಗೆಯಲೂ ಬೇಕು. ಅಂತರ್ಯುದ್ಧದ ಮೇಲೆ ಅವನು ಬರೆದ 'ರೆಡ್ ಬ್ಯಾಡ್ಜ್ ಆಫ್ ಕರೇಜ್' 1895ರಲ್ಲಿ ಪುಸ್ತಕವಾಗಿ ಬಂತು. ಯುದ್ಧ ಮುಗಿದದ್ದು 1865ರಲ್ಲಿ, ಕ್ರೇನ್ ಹುಟ್ಟಿದ್ದು 1871ರಲ್ಲಿ. ಬರೆಯುವಾಗ ಒಂದು ಕಾಳಗವನ್ನೂ ಕಣ್ಣಾರೆ ಕಂಡವನಲ್ಲ. ಆದರೂ ಹೆದರಿ ಓಡುವ ಸಿಪಾಯಿಯ ಎದೆಬಡಿತ ಅಷ್ಟು ಖಚಿತವಾಗಿ ಬರೆದಿದ್ದಾನೆ. ಅವನು ಬೆಳೆದದ್ದು ಮುದಿ ಸೈನಿಕರು ನೆನಪುಗಳನ್ನು ಹೇಳಿಕೊಂಡು, ಪತ್ರಿಕೆಗಳು ಅದನ್ನು ಅಚ್ಚು ಹಾಕುತ್ತಿದ್ದ ಕಾಲದಲ್ಲಿ. ಆ ನೆನಪುಗಳಲ್ಲಿ ಸೇನಾಪತಿ, ತುಕಡಿ, ನಕ್ಷೆ ಎಲ್ಲ ಇರುತ್ತಿತ್ತು, ಭಯ ಎಷ್ಟಿತ್ತು ಅಂತ ಇರುತ್ತಿರಲಿಲ್ಲ. ಬಿಟ್ಟುಹೋದದ್ದನ್ನು ಇವನು ಬರೆದ. ಬದುಕು ಕೊಡದ್ದನ್ನೂ ಕಾಲ ಕೊಡಬಹುದು ಅನ್ನುವುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಎಲ್ಲಿಂದ ಶುರು ಅಂದಿರಲ್ಲ. ಮೊದಲು 'ಹಕಲ್‌ಬೆರಿ ಫಿನ್'. ಅದರ ಆಡುಮಾತು ಶುರುವಿಗೆ ತೊಡಕು ಅನ್ನಿಸುತ್ತದೆ, ಜಿಮ್‌ನ ಮಾತುಗಳನ್ನು ಗಟ್ಟಿಯಾಗಿ ಓದಿಕೊಂಡರೆ ಬೇಗ ಹಿಡಿತಕ್ಕೆ ಸಿಗುತ್ತದೆ. ಆಮೇಲೆ ಕ್ರೇನ್, ಚಿಕ್ಕ ಪುಸ್ತಕ. ಸ್ಟೈನ್‌ಬೆಕ್‌ಗೆ ಸ್ವಲ್ಪ ಬಿಡುವು ಇಟ್ಟುಕೊಳ್ಳಿ. 'ಸ್ಕಾರ್ಲೆಟ್ ಲೆಟರ್' ತೆಗೆದಾಗ ಕಸ್ಟಮ್ಸ್ ಕಚೇರಿಯ ಆ ಉದ್ದ ಮುನ್ನುಡಿಯನ್ನು ಬಿಟ್ಟು ಸೀದಾ ಜೈಲಿನ ಬಾಗಿಲಿನ ಅಧ್ಯಾಯಕ್ಕೆ ಹೋಗಿ. ಆ ಮುನ್ನುಡಿಯಲ್ಲೇ ಸಿಕ್ಕಿಹಾಕಿಕೊಂಡು ಪುಸ್ತಕ ಕೆಳಗಿಟ್ಟವರು ಬಹಳ. ಕಾದಂಬರಿ ಮುಗಿದ ಮೇಲೆ ಮುನ್ನುಡಿಗೆ ಬನ್ನಿ, ಆಗ ಅದು ಒಳ್ಳೆ ಖಾರವಾಗಿರುತ್ತದೆ.