ಯಂತ್ರ ಆಮೇಲೆ, ಮೊದಲು ಐಸ್

ಈ ಸಲವೂ ಅದೇ ಪ್ರಶ್ನೆ. ಮಂಜೇಶ್ವರದಿಂದ ಒಂದು ಪತ್ರ, ಕುಂಬಳೆಯಿಂದ ಒಂದು, ಚೆರ್ವತ್ತೂರಿನಿಂದ ಎರಡು. ಬರೆದ ರೀತಿ ಬೇರೆ ಇರಬಹುದು, ಒಳಗಿರುವುದು ಒಂದೇ. ಹಾಗಾಗಿ ಇವತ್ತು ಜಾಗ ಅದಕ್ಕೇ ಹೋಗುತ್ತದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಮೀನು ಕ್ಲೀನ್ ಮಾಡುವ ಶೆಡ್ಡಿನಲ್ಲಿ ದಿನಕ್ಕೆ 200 ಕಿಲೋದಷ್ಟು ಬೂತಾಯಿ, ಬಂಗುಡೆಯ ಕರುಳು ಸಿಗುತ್ತದೆ. ಅದರಿಂದ ಎಂಜೈಮ್ ತೆಗೆದು ಮಾರಬಹುದೇ? ಯಾವ ಯಂತ್ರ ತೆಗೆದುಕೊಳ್ಳಬೇಕು?

ಎಲ್ಲರೂ ಯಂತ್ರದಿಂದಲೇ ಶುರು ಮಾಡುತ್ತಾರೆ. ಐಸಿನ ಬಗ್ಗೆ ಇದುವರೆಗೆ ಒಬ್ಬರೂ ಕೇಳಿಲ್ಲ.

ಮೀನು ಸತ್ತರೂ ಅದರ ಹೊಟ್ಟೆಯ ಎಂಜೈಮ್‌ಗಳಿಗೆ, ಅಂದರೆ ತಿಂದದ್ದನ್ನು ಕರಗಿಸುವ ಪ್ರೋಟೀನುಗಳಿಗೆ, ರಜೆ ಇಲ್ಲ. ಮೊದಲು ಮೀನಿನ ಹೊಟ್ಟೆಯನ್ನೇ ಕರಗಿಸುತ್ತವೆ. ಆಮೇಲೆ ಒಂದನ್ನೊಂದು ಕತ್ತರಿಸಿ ಹಾಕುತ್ತವೆ. ಬೆಳಿಗ್ಗೆ ಬಕೆಟಿಗೆ ಹಾಕಿದ ಕರುಳು ಮಧ್ಯಾಹ್ನದ ಹೊತ್ತಿಗೆ ನೀರಾಗಿರುತ್ತದಲ್ಲಾ, ನೀವು ಮಾರಲು ಹೊರಟ ಮಾಲು ತನ್ನನ್ನೇ ತಿನ್ನುತ್ತಿರುವುದು ಅದು. ಜೊತೆಗೆ ಬ್ಯಾಕ್ಟೀರಿಯಾಗಳ ಪಾಲೂ ಸೇರುತ್ತದೆ. ಆದ್ದರಿಂದ ಕರುಳು ಚಾಕುವಿನಿಂದ ನೇರ ಐಸಿಗೆ ಹೋಗಬೇಕು. ಅದೇ ದಿನ ಕೆಲಸ ಆಗದಿದ್ದರೆ ಮೈನಸ್ 20 ಡಿಗ್ರಿಯ ಫ್ರೀಜರಿಗೆ. ಇಷ್ಟು ಆಗುವುದಿಲ್ಲ ಎಂದಾದರೆ ಮುಂದಿನ ಮೂರು ಪ್ಯಾರಾ ಓದುವ ಅಗತ್ಯ ನಿಮಗಿಲ್ಲ.

ಎರಡನೇ ತಪ್ಪು, ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿಯುವುದು. ಜಠರದ ಚೀಲದಲ್ಲಿ ಇರುವುದು ಪೆಪ್ಸಿನ್ ಎಂಬ ಎಂಜೈಮ್. ಅದಕ್ಕೆ ಹುಳಿ ಬೇಕು, ಪಿಎಚ್ (ಹುಳಿ, ಕ್ಷಾರದ ಅಳತೆ; ಕಮ್ಮಿಯಾದಷ್ಟೂ ಹುಳಿ ಜಾಸ್ತಿ) 2ರಿಂದ 4ರ ನಡುವೆ ಅದರ ಕೆಲಸ ಜೋರು. ಜಠರದ ಕೆಳಗೆ ಸಣ್ಣ ಸಣ್ಣ ಬೆರಳುಗಳ ಹಾಗೆ ಜೋತಾಡುವ ಚೀಲಗಳು ಇರುತ್ತವೆ. ಬೂತಾಯಿಯ ಹೊಟ್ಟೆ ಸೀಳಿದವರೆಲ್ಲ ನೋಡಿರುತ್ತೀರಿ, ಪೈಲೋರಿಕ್ ಸೀಕಾ ಎಂಬ ಹೆಸರು ಕೇಳಿರಲಿಕ್ಕಿಲ್ಲ. ಟ್ರಿಪ್ಸಿನ್, ಕೈಮೋಟ್ರಿಪ್ಸಿನ್ ಎಂಬ ಎಂಜೈಮ್‌ಗಳು ಸಿಗುವುದು ಅಲ್ಲಿ ಮತ್ತು ಕರುಳಿನಲ್ಲಿ. ಅವುಗಳ ಕೆಲಸ ಕ್ಷಾರದಲ್ಲಿ, ಪಿಎಚ್ 8ರ ಆಚೆ. ಮೀನಿನ ಟ್ರಿಪ್ಸಿನ್ ಹುಳಿಯಲ್ಲಿ ಕೆಟ್ಟು ಹೋಗುತ್ತದೆ. ಪೆಪ್ಸಿನ್ ಕ್ಷಾರದಲ್ಲಿ ಕೆಟ್ಟು ಹೋಗುತ್ತದೆ. ಒಂದೇ ಡ್ರಮ್ಮಿನಲ್ಲಿ ಎರಡನ್ನೂ ತೆಗೆಯುತ್ತೇನೆ ಎಂದು ಯಂತ್ರ ಮಾರುವವನು ಹೇಳಿದರೆ ಅವನಿಗೆ ಚಾ ಕೊಟ್ಟು ಕಳಿಸಿ.

ಮೂರನೆಯದು ಮಾರಾಟ. ಎಂಜೈಮನ್ನು ಯಾರೂ ಲೀಟರ್ ಲೆಕ್ಕದಲ್ಲಿ ಕೊಳ್ಳುವುದಿಲ್ಲ. ಗ್ರಾಮಿಗೆ ಎಷ್ಟು ಯೂನಿಟ್ ಚಟುವಟಿಕೆ ಎಂದು ಕೇಳುತ್ತಾರೆ. ನಿಮ್ಮ ಕಂದು ನೀರಿನಲ್ಲಿ ಕೊಬ್ಬು, ರಕ್ತ, ಪಿತ್ತ ಎಲ್ಲಾ ಇದೆ. ಅದರಿಂದ ಎಂಜೈಮ್ ಬೇರೆ ಮಾಡಲು ತಣ್ಣಗಿನ ಕೋಣೆ ಬೇಕು, ಗರಗರ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಬೇಕು. ಅಮೋನಿಯಂ ಸಲ್ಫೇಟ್ ಹಾಕಿ ಎಂಜೈಮನ್ನು ತಳಕ್ಕೆ ಕೂರಿಸಿ, ಆಮೇಲೆ ಆ ಉಪ್ಪನ್ನು ತೆಗೆಯಬೇಕು. ಪ್ರತಿ ಹಂತದಲ್ಲೂ ಒಂದಿಷ್ಟು ಕೈಬಿಟ್ಟು ಹೋಗುತ್ತದೆ. ಇಷ್ಟೆಲ್ಲ ಮಾಡಿ ಬಟ್ಟೆ ಸೋಪಿನ ಕಂಪನಿಗೆ ಕೊಡುತ್ತೇನೆ ಎನ್ನಬೇಡಿ. ಅವರಿಗೆ ಬೇಕಾದ ಎಂಜೈಮ್ ಬ್ಯಾಸಿಲಸ್ ಬ್ಯಾಕ್ಟೀರಿಯಾದಿಂದ ಟ್ಯಾಂಕುಗಟ್ಟಲೆ, ಅಗ್ಗಕ್ಕೆ ಬರುತ್ತದೆ. ಅದಕ್ಕೆ ಟ್ರಾಲಿಂಗ್ ನಿಷೇಧವೂ ಇಲ್ಲ. ನಮಗೆ ಕೇರಳದಲ್ಲಿ ಜೂನ್ 10ರಿಂದ ಜುಲೈ 31ರವರೆಗೆ 52 ದಿನ ಟ್ರಾಲ್ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ.

"ಐಸ್‌ಲ್ಯಾಂಡಿನವರು ಮಾಡಿದ್ದಾರಲ್ಲಾ ಸಾರ್" ಎನ್ನುತ್ತೀರಿ. ಹೌದು, ಕಾಡ್ ಮೀನಿನ ಟ್ರಿಪ್ಸಿನ್ ಅಲ್ಲಿ ಚರ್ಮದ ಕ್ರೀಮಿಗೂ ಹೋಗಿದೆ. ನಾರ್ವೆಯಲ್ಲಿ ಹೆಪ್ಪುಗಟ್ಟಿದ ಸಿಗಡಿ ಕರಗಿದ ನೀರಿನಿಂದ ಆಲ್ಕಲೈನ್ ಫಾಸ್ಫಟೇಸ್ ಎಂಬ ಎಂಜೈಮ್ ತೆಗೆದರು. ಡಿಎನ್‌ಎ ಲ್ಯಾಬಿನವರಿಗೆ ಅದು ಬೇಕು, ಯಾಕೆಂದರೆ 65 ಡಿಗ್ರಿ ಬಿಸಿ ಮಾಡಿದರೆ ಕೆಲವೇ ನಿಮಿಷದಲ್ಲಿ ಅದು ಸುಮ್ಮನಾಗುತ್ತದೆ. ಆ ಮೀನು, ಆ ಸಿಗಡಿ ಬದುಕುವುದು ಕೊರೆಯುವ ನೀರಿನಲ್ಲಿ. ತಣ್ಣಗಿದ್ದಾಗಲೂ ಚುರುಕು, ಬಿಸಿಯಾದರೆ ಬೇಗ ಸಾಯುವುದು, ಆ ಗುಣಕ್ಕೇ ಅಲ್ಲಿ ಬೆಲೆ. ನಮ್ಮ ಬೂತಾಯಿ ಬೆಚ್ಚಗಿನ ಸಮುದ್ರದ್ದು. ಅದರ ಎಂಜೈಮಿಗೆ ಆ ಗುಣ ಯಾಕೆ ಇರಬೇಕು?

ಹಾಗಾದರೆ 200 ಕಿಲೋ ಏನು ಮಾಡುವುದು? ನನ್ನ ಮಾತು ಕೇಳುವುದಾದರೆ ಎಂಜೈಮನ್ನು ಹೊರಗೆ ತೆಗೆಯಬೇಡಿ, ಒಳಗೇ ದುಡಿಸಿ. ಕರುಳನ್ನು ಅರೆದು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 100 ಕಿಲೋಗೆ ಸುಮಾರು 3ರಿಂದ 3.5 ಕಿಲೋ ಫಾರ್ಮಿಕ್ ಆಸಿಡ್ (85 ಶೇಕಡಾದ್ದು) ಹಾಕಿ ಚೆನ್ನಾಗಿ ಕಲಸಿ. ಪಿಎಚ್ 4ಕ್ಕಿಂತ ಕೆಳಗೆ ನಿಲ್ಲಬೇಕು, ದಿನಾ ಪಿಎಚ್ ಪೇಪರಿನಲ್ಲಿ ನೋಡಿ. ತಲೆ, ಮುಳ್ಳು ಜಾಸ್ತಿ ಸೇರಿದರೆ ಆಸಿಡ್ಡೂ ಜಾಸ್ತಿ ಬೇಕು, ಮೂಳೆಯ ಸುಣ್ಣ ಅದನ್ನು ಕುಡಿಯುತ್ತದೆ. ಹುಳಿಯಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ನಿಲ್ಲುತ್ತದೆ, ಪೆಪ್ಸಿನ್ ನಿಲ್ಲುವುದಿಲ್ಲ. ನಮ್ಮ ಸೆಕೆಗೆ ಕೆಲವೇ ದಿನದಲ್ಲಿ ಎಲ್ಲಾ ದ್ರವವಾಗುತ್ತದೆ. ಮೇಲೆ ತೇಲುವ ಎಣ್ಣೆ ತೆಗೆಯಿರಿ. ಉಳಿದದ್ದನ್ನು ತೌಡಿಗೆ ಬೆರೆಸಿ ಒಣಗಿಸಿದರೆ ಕೋಳಿಗೆ, ಹಂದಿಗೆ ಆಹಾರ. ಕೋಳಿಗೆ ಅಳತೆ ಮೀರಿದರೆ ಮೊಟ್ಟೆ ಮೀನು ವಾಸನೆ ಹೊಡೆಯುತ್ತದೆ. ಅದಾದ ಮೇಲೆ ನನಗೆ ಫೋನ್ ಮಾಡಬೇಡಿ.

ಕಾಸರಗೋಡಿನ ಗುಡ್ಡದ ಕಡೆಯವರಿಗೆ ಈ ಆಸಿಡ್ ಹೊಸದಲ್ಲ, ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಬಳಸುತ್ತಾರೆ. ಪರಿಚಯ ಇದ್ದವರದ್ದೇ ಅಸಡ್ಡೆ ಜಾಸ್ತಿ. ಕೈಗವಸು ಮತ್ತು ಕನ್ನಡಕ ಇಲ್ಲದೆ ಕ್ಯಾನಿನ ಮುಚ್ಚಳ ತೆಗೆಯುವವರ ಶೆಡ್ಡಿಗೆ ನಾನು ಕಾಲಿಡುವುದಿಲ್ಲ. ಕಬ್ಬಿಣದ ಡ್ರಮ್ ಕೂಡ ಬೇಡ.

ಎಂಜೈಮ್ ತೆಗೆದೇ ತೀರುವ ಹಠ ಇನ್ನೂ ಇದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಐಸಿನಲ್ಲಿಟ್ಟ ಕರುಳಿನ ರಸವನ್ನು ಸೋಸಿ ಎರಡು ಪಾಲು ಮಾಡಿ. ಒಂದನ್ನು ಕುದಿಸಿ, ತಣಿಸಿ. ಕೊಬ್ಬಿಲ್ಲದ ಹಾಲಿನ ಪುಡಿಯನ್ನು ನೀರಿನಲ್ಲಿ ತೆಳುವಾಗಿ ಕಲಸಿ, ಚಿಟಿಕೆ ಅಡುಗೆ ಸೋಡಾ ಹಾಕಿ, ಎರಡು ಗ್ಲಾಸಿಗೆ ಹಂಚಿ. ಒಂದಕ್ಕೆ ಕುದಿಸಿದ ರಸ, ಇನ್ನೊಂದಕ್ಕೆ ಹಸಿ ರಸ. ಹಸಿಯದ್ದು ತಿಳಿಯಾದರೆ ಎಂಜೈಮ್ ಬದುಕಿದೆ. ಎರಡೂ ಹಾಲು ಹಾಗೆಯೇ ಉಳಿದರೆ ಐಸ್ ಕಮ್ಮಿಯಾಗಿದೆ.

ಈ ಪರೀಕ್ಷೆ ದಾಟಿದವರು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರ ಹತ್ತಿರ ಮಾತಾಡಿ. ಯಂತ್ರದ ಏಜೆಂಟರ ಹತ್ತಿರ ಅಲ್ಲ.

ಪ್ರಶ್ನೆ: ಮೀನಿನ ತ್ಯಾಜ್ಯ, ಬೆಲ್ಲ ಸಮಸಮ ಹಾಕಿ ಮಾಡುವ ದ್ರವವೂ ಎಂಜೈಮೇ ಅಲ್ವಾ?

ಅಲ್ಲ. ಅದು ಗೊಬ್ಬರ. ಬಾಟಲಿಯ ಮೇಲೆ ಎಂಜೈಮ್ ಎಂದು ಚೀಟಿ ಅಂಟಿಸಿ ಎರಡು ಪಟ್ಟು ಬೆಲೆ ಹಾಕುವವರ ಮೇಲೆ ನನಗೆ ಸಿಟ್ಟು, ಗೊಬ್ಬರದ ಮೇಲೆ ಅಲ್ಲ. ತೆಂಗಿಗೆ ಧಾರಾಳ ಹಾಕಿ.

ಪ್ರಶ್ನೆ: ಬಿಸಿಲಿಗೆ ಒಣಗಿಸಿದ ಕರುಳು ಆದೀತೇ?

ಗೊಬ್ಬರಕ್ಕೆ ಆದೀತು.

ಪ್ರಶ್ನೆ: ರೋಹು, ಕಾಟ್ಲಾದಿಂದ ಪೆಪ್ಸಿನ್ ಎಷ್ಟು ಸಿಗುತ್ತದೆ?

ಸೊನ್ನೆ. ಆ ಜಾತಿಗೆ ಜಠರವೇ ಇಲ್ಲ.

ಪ್ರಶ್ನೆ: ಮೀನಿನ ಎಂಜೈಮ್ ಕುಡಿದರೆ ಮಂಡಿನೋವು ಹೋಗುತ್ತದೆ ಎಂದು ಒಬ್ಬರು ಬಾಟಲಿ ಕೊಟ್ಟಿದ್ದಾರೆ. ಕುಡಿಯಬಹುದೇ?

ಕೊಟ್ಟವರೇ ನಿಮ್ಮೆದುರು ಒಂದು ಲೋಟ ಕುಡಿಯಲಿ. ನೀವು ಮಂಡಿಯನ್ನು ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಆಸಿಡ್ ಬದಲು ಹುಣಸೆಹುಳಿ ಹಾಕಿದರೆ?

ಒಂದು ವಾರ ಬಿಟ್ಟು ನೆರೆಮನೆಯವರನ್ನು ಕೇಳಿ.