ಕಾರಿಲ್ಲದವರೂ ಪಾರ್ಕಿಂಗ್ ಖರ್ಚು ಕೊಡಬೇಕಾ?

ಪ್ರಶ್ನೆ: ಕಾರವಾರದಲ್ಲಿ ನಮ್ಮದು ಸಣ್ಣ ಅಪಾರ್ಟ್‌ಮೆಂಟ್. ನನ್ನ ಹತ್ತಿರ ಇರುವುದು ಸ್ಕೂಟರ್ ಮಾತ್ರ. ಆದರೂ ಕೆಳಗಿನ ಪಾರ್ಕಿಂಗ್ ರಿಪೇರಿಗೆ ಕಾರಿದ್ದವರಷ್ಟೇ ದುಡ್ಡು ಕೇಳುತ್ತಿದ್ದಾರೆ. ನಾಲ್ಕು ಗೆರೆ ಎಳೆದ ಜಾಗಕ್ಕೆ ಇಷ್ಟು ಖರ್ಚಾ?

ಉತ್ತರ: ಗೆರೆಯ ಖರ್ಚು ಬಿಡಿ, ಅದು ಏನೂ ಅಲ್ಲ. ದುಬಾರಿ ಆಗುವುದು ಜಾಗ. ಕಾರು ನಿಲ್ಲಲು ಸುಮಾರು 12 ಚದರ ಮೀಟರ್ ಸಾಕು, ಆದರೆ ಒಳಗೆ ಬಂದು ತಿರುಗಿಸುವ ದಾರಿಯನ್ನೂ ಸೇರಿಸಿ ನಮ್ಮಲ್ಲಿ ಸಾಮಾನ್ಯವಾಗಿ ಬಯಲಲ್ಲಿ 23, ಕಟ್ಟಡದ ಕೆಳಗೆ 28, ನೆಲಮಾಳಿಗೆಯಲ್ಲಿ 32 ಚದರ ಮೀಟರ್ ಹಿಡಿಯುತ್ತಾರೆ. 28 ಅಂದರೆ 300 ಚದರ ಅಡಿ, ಒಂದು ಪುಟ್ಟ ಮನೆಯೇ ಅಲ್ವಾ! ಅದನ್ನು ಕಟ್ಟಿದ ಖರ್ಚು ಫ್ಲ್ಯಾಟಿನ ಬೆಲೆಯೊಳಗೆ ಸೇರಿ ಕಾರಿಲ್ಲದ ನಿಮ್ಮಿಂದಲೂ ಆಗಲೇ ಹೋಗಿರುತ್ತದೆ.

ಈಗ ರಿಪೇರಿ ವಿಷಯ. ಕರಾವಳಿಯ ಉಪ್ಪುಗಾಳಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಆಮೇಲೆ ಕಂಬ ಬಿರುಕು ಬಿಡುತ್ತದೆ, ಮೇಲಿನ ಪದರ ಉದುರುತ್ತದೆ. ಆ ಕಂಬದ ಮೇಲೇ ನಿಮ್ಮ ಮನೆಯೂ ನಿಂತಿದೆ, ಹಾಗಾಗಿ ಅದಕ್ಕೆ ಪಾಲು ಕೊಡಲೇಬೇಕು. ಮಳೆನೀರಿನ ಚರಂಡಿಗೂ ಅಷ್ಟೇ. ಆದರೆ ನೆಲದ ಟೈಲ್ಸ್, ಬಣ್ಣ, ಕಾರಿನ ಚಾರ್ಜಿಂಗ್ ಪಾಯಿಂಟ್ ಇವೆಲ್ಲ ಕಾರಿದ್ದವರ ಲೆಕ್ಕಕ್ಕೆ ಹೋಗುವುದೇ ನ್ಯಾಯ ಅಂತ ನನ್ನ ಅಭಿಪ್ರಾಯ. ಬಿಲ್ ಬಿಡಿಸಿ ಕೊಡಿ ಅಂತ ಕೇಳಿ, ಸಂಘದ ಬೈಲಾ ನೋಡಿ, ಸಭೆಯಲ್ಲಿ ಚರ್ಚೆಗೆ ಇಡಿ.

ಇನ್ನೊಂದು ಮಾತು. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಪ್ರಕಾರ ತೆರೆದ ಪಾರ್ಕಿಂಗ್ ಎಲ್ಲರಿಗೂ ಸೇರಿದ ಜಾಗ. ಅಲ್ಲಿ ನಿಮ್ಮ ಸ್ಕೂಟರಿಗೂ ಹಕ್ಕಿದೆ, ಗೇಟಿನ ಹೊರಗೆ ನಿಲ್ಲಿಸಬೇಡಿ.